ಮಿಂಚಿನ ವೇಗದ ವಿಲನ್‌ನನ್ನು ಕಾಮಿಕ್ಸ್ ಹೀರೋಗಳು ಸೋಲಿಸೋದು ಹೇಗೆ?

ಬೆನ್ನಟ್ಟಿ ಅಲ್ಲ, ಅವನು ಬರುವ ದಾರಿಯಲ್ಲಿ ಮೊದಲೇ ಅಡ್ಡ ಹಾಕಿ. ವೇಗ ಜಾಸ್ತಿಯಾದಷ್ಟೂ ಓಡುವವನಿಗೆ ದಾರಿ ಬದಲಿಸುವುದು ಕಷ್ಟ.

ಯಾಕಂದ್ರೆ ತಿರುಗೋಕೆ, ನಿಲ್ಲೋಕೆ ಕಾಲಿಗೆ ನೆಲದ ಹಿಡಿತ ಬೇಕು. ವೇಗ ಏರಿತು ಅಂತ ಆ ಹಿಡಿತ ಏರುವುದಿಲ್ಲ. ಸೆಕೆಂಡಿಗೆ 100 ಮೀಟರ್ ಓಡುವವನಿಗೆ ಒಣ ರಸ್ತೆಯಲ್ಲೂ ನಿಲ್ಲಲು ಸುಮಾರು 500 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ನೆಲದ ಮೇಲೆ ಎಣ್ಣೆ ಚೆಲ್ಲಿದ್ದರಂತೂ ಕೇಳಲೇಬೇಡಿ.

ಸ್ಪೀಡ್ ಡೀಮನ್‌ನಂಥ ವಿಲನ್ ಎದುರು ಸ್ಪೈಡರ್‌ಮ್ಯಾನ್‌ಗೆ ಇದೇ ಅನುಕೂಲ. ಅಪಾಯದ ಸುಳಿವು ಅವನಿಗೆ ಮುಂಚೆಯೇ ಸಿಗುತ್ತದೆ, ಕೈಯಲ್ಲಿ ಅಂಟುವ ಬಲೆಯೂ ಇದೆ.

ನನಗೆ ತುಂಬಾ ಚೊಕ್ಕ ಅನ್ನಿಸುವ ಉದಾಹರಣೆಯಲ್ಲಿ ಮಾತ್ರ ಪಾತ್ರಗಳು ಅದಲುಬದಲು. 2004ರ ‘ಐಡೆಂಟಿಟಿ ಕ್ರೈಸಿಸ್’ ಎಂಬ ಕಾಮಿಕ್ಸ್ ಸರಣಿಯಲ್ಲಿ ವೇಗ ಹೀರೋ ಫ್ಲ್ಯಾಶ್‌ನದು, ತಲೆ ವಿಲನ್ ಡೆತ್‌ಸ್ಟ್ರೋಕ್‌ನದು. ಅವನು ಫ್ಲ್ಯಾಶ್ ಹಿಂದೆ ಓಡುವುದೇ ಇಲ್ಲ. ಫ್ಲ್ಯಾಶ್ ಎಲ್ಲಿಗೆ ಬರುತ್ತಾನೆ ಅಂತ ಲೆಕ್ಕ ಹಾಕಿ ಅಲ್ಲಿ ಕತ್ತಿ ಹಿಡಿಯುತ್ತಾನೆ. ಫ್ಲ್ಯಾಶ್ ತಾನಾಗಿಯೇ ಬಂದು ಅದಕ್ಕೆ ಚುಚ್ಚಿಕೊಳ್ಳುತ್ತಾನೆ.