ಬಾಸ್ ಮೀನಿಗೆ ಮೊದಲ ರಾಡ್, ಬಜೆಟ್ ಕಮ್ಮಿ ಇದೆ ಅಂದವರಿಗೆ ಒಂದು ಉದ್ದದ ಉತ್ತರ

ಬ್ರದರ್, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡ್ದೆ, ಎರಡು ಸಾಲಲ್ಲಿ ಹೇಳಿದ್ರೆ ಅರ್ಧಂಬರ್ಧ ಆಗುತ್ತೆ ಅಂತ ಈಗ ಕೂತು ಬರೀತಿದ್ದೀನಿ. ನೀವು ಹೇಳಿರೋದು ಇಷ್ಟು: ದಡದಿಂದಾನೇ ಹಿಡಿಯೋದು, ನೀರಲ್ಲಿ ಜೊಂಡು ಕಳೆ ಇದೆ, ಹಾಕೋ ಲೂರ್ (ಮೀನನ್ನ ಸೆಳೆಯೋ ನಕಲಿ ಆಹಾರ) ಅಂದ್ರೆ ಪ್ಲಾಸ್ಟಿಕ್ ಹುಳ, ಸ್ಪಿನ್ನರ್‌ಬೇಟ್ (ತಂತಿಗೆ ತಿರುಗೋ ರೆಕ್ಕೆ ಇರೋದು), ಆಗೊಮ್ಮೆ ಈಗೊಮ್ಮೆ ಕ್ರ್ಯಾಂಕ್‌ಬೇಟ್ (ಎಳೆದಾಗ ಅಲ್ಲಾಡ್ತಾ ಬರೋ ನಕಲಿ ಮೀನು). ಹಳೇ 2500 ಸೈಜಿನ ಸ್ಪಿನ್ನಿಂಗ್ ರೀಲ್ (ಲೈನ್ ಸುತ್ತೋ ಚಕ್ರ) ಕೈಯಲ್ಲಿದೆ. ರಾಡ್ ಮಾತ್ರ ತಗೋಬೇಕು. ಮೂರು ನೋಡಿದ್ದೀರ, ಒಂದು 6 ಅಡಿ ಕಾಂಬೋ ಸೆಟ್ (ರಾಡ್ ರೀಲ್ ಎರಡೂ ಸೇರಿದ್ದು), ಇನ್ನೊಂದು 7 ಅಡಿ ಕಾಸ್ಟಿಂಗ್ ರಾಡ್ "40 ಟನ್ ಕಾರ್ಬನ್" ಅಂತ ದೊಡ್ಡದಾಗಿ ಬರೆದಿರೋದು, ಮೂರನೇದು 7 ಅಡಿ ಸ್ಪಿನ್ನಿಂಗ್ ರಾಡ್, 30 ಟನ್, ನೋಡೋಕೆ ಸಾಧಾರಣ. "40 ಟನ್‌ದೇ ಬೆಸ್ಟ್ ಅಲ್ವಾ" ಅಂತ ನಿಮ್ಮ ಪ್ರಶ್ನೆ.

ಅಲ್ಲ. ನಿಮಗೆ ಮೂರನೇದೇ ಸರಿ. ಯಾಕೆ ಅಂತ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಿದ್ರೆ ನಾಳೆ ಅಂಗಡೀಲಿ ಆ ಮಾಡೆಲ್ ಇಲ್ದೇ ಇದ್ರೂ ಬೇರೆದನ್ನ ನೀವೇ ಆರಿಸ್ಕೋಬಹುದು.

ಮೊದಲನೇ ವಿಷಯ ರೀಲ್. ಕಾಸ್ಟಿಂಗ್ ರಾಡ್‌ಗೆ ರೀಲ್ ಮೇಲೆ ಕೂರುತ್ತೆ, ಲೈನ್ ಹಾಯೋ ರಿಂಗ್‌ಗಳೂ ಮೇಲ್ಗಡೆ ಇರುತ್ವೆ, ಚಿಕ್ಕಚಿಕ್ಕದಾಗಿರುತ್ವೆ, ಹಿಡಿ ಕೆಳಗೆ ಬೆರಳಿಗೆ ಒಂದು ಕೊಕ್ಕೆ ಥರ ಇರುತ್ತೆ. ನಿಮ್ಮ ಸ್ಪಿನ್ನಿಂಗ್ ರೀಲ್ ಕೆಳಗೆ ನೇತಾಡೋದು, ಅದ್ರಿಂದ ಲೈನ್ ದೊಡ್ಡದೊಡ್ಡ ಸುತ್ತಾಗಿ ಬಿಚ್ಕೊಂಡು ಬರುತ್ತೆ, ಆ ಸುತ್ತನ್ನ ಹಿಡಿಯೋಕೆ ಮೊದಲನೇ ರಿಂಗ್ ದೊಡ್ಡದಾಗಿರ್ಬೇಕು, ಆಮೇಲೆ ತುದಿ ಕಡೆಗೆ ಚಿಕ್ಕದಾಗ್ತಾ ಹೋಗ್ಬೇಕು. ಈ 40 ಟನ್ ರಾಡ್ ತಗೊಂಡ್ರೆ ಅದಕ್ಕೆ ಮೇಲೆ ಕೂರೋ ಥರದ್ದು, ಬೇಟ್‌ಕಾಸ್ಟರ್ ಅನ್ನೋ ರೀಲೂ ತಗೋಬೇಕು, ಅಲ್ಲಿಗೆ ನಿಮ್ಮ ಬಜೆಟ್ ಕಥೆ ಮುಗೀತು. ಹೊಸಬರಿಗೆ ಆ ರೀಲ್ ಕೈಗೆ ಕೂರೋಕೆ ಟೈಮೂ ಬೇಕು, ತಿರುಗೋ ಸ್ಪೂಲ್ ತಡೆಯೋಕೆ ಹೆಬ್ಬೆರಳು ಸ್ವಲ್ಪ ಲೇಟ್ ಆದ್ರೆ ಲೈನ್ ಪೂರ್ತಿ ಹಕ್ಕಿಗೂಡು ಆಗಿಬಿಡುತ್ತೆ. ಮುಂದೆ ಖಂಡಿತ ಕಲೀರಿ, ಈಗ ಬೇಡ.

ಈಗ ಟನ್ ವಿಷಯ. ಎಷ್ಟೊಂದು ಜನ ಇಲ್ಲೇ ದುಡ್ಡು ಹಾಳು ಮಾಡ್ಕೊಳ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. 1970ರ ದಶಕದಲ್ಲಿ ಫೆನ್ವಿಕ್ ಕಂಪನಿಯವರು ಗ್ರಾಫೈಟ್ (ಅಂದ್ರೆ ಇದೇ ಕಾರ್ಬನ್ ನಾರಿನ) ರಾಡ್ ಮಾರುಕಟ್ಟೆಗೆ ತಂದ್ರು, ಅದಕ್ಕೂ ಮುಂಚೆ ಹೆಚ್ಚಾಗಿ ಫೈಬರ್ ಗ್ಲಾಸೇ ಇದ್ದಿದ್ದು. ಗ್ಲಾಸ್ ಭಾರ, ಬಗ್ಗೋದು ನಿಧಾನ, ಆದ್ರೆ ಗಟ್ಟಿ ಜೀವ. ಗ್ರಾಫೈಟ್ ಹಗುರ, ಮೀನು ಮುಟ್ಟಿದ್ದು ಕೈಗೆ ತಕ್ಷಣ ಗೊತ್ತಾಗುತ್ತೆ. ಈ 24, 30, 36, 40 ಟನ್ ಅನ್ನೋ ನಂಬರ್ ಇದೆಯಲ್ಲ, ಅದು ಆ ನಾರು ಎಷ್ಟು ಬಿರುಸು, ಅಂದ್ರೆ ಬಗ್ಗೋಕೆ ಎಷ್ಟು ಹಠ ಮಾಡುತ್ತೆ ಅನ್ನೋದರ ಲೆಕ್ಕ, ಎಷ್ಟು ಗಟ್ಟಿ ಅನ್ನೋದರ ಲೆಕ್ಕ ಅಲ್ಲವೇ ಅಲ್ಲ. ನಾರು ಬಿರುಸಾದಷ್ಟೂ ಕಮ್ಮಿ ಮಾಲು ಹಾಕಿ ಅದೇ ಪವರ್ (ಬಗ್ಗಿಸೋಕೆ ಬೇಕಾದ ಬಲ) ತರಬಹುದು, ಅಂದ್ರೆ ಕೊಳವೆ ಗೋಡೆ ತೆಳ್ಳಗಾಗುತ್ತೆ, ರಾಡ್ ಹಗುರ ಆಗುತ್ತೆ, ಜೊತೆಗೆ ಒಂದು ಕಲ್ಲಿಗೆ ತಾಗಿದ್ರೆ, ಕಾರಿನ ಡಿಕ್ಕೀಲಿ ಏನಾದ್ರೂ ಮೇಲೆ ಬಿದ್ರೆ, ಅಲ್ಲೇ ಕಣ್ಣಿಗೆ ಕಾಣದ ಪೆಟ್ಟಾಗಿ ಮುಂದಿನ ದೊಡ್ಡ ಮೀನಿಗೆ ಪಟ್ ಅಂತ ಮುರಿಯುತ್ತೆ. ಒಳ್ಳೇ ಅಂಟು, ಒಳ್ಳೇ ಸುತ್ತುವಿಕೆ ಇದ್ರೆ ಹೈ ಮಾಡ್ಯುಲಸ್ (ಅಂದ್ರೆ ಹೆಚ್ಚು ಟನ್‌ನ) ರಾಡ್ ಚೆನ್ನಾಗೇ ಬಾಳುತ್ತೆ, ಆದ್ರೆ ಅದನ್ನ ಸರಿಯಾಗಿ ಮಾಡೋಕೆ ಖರ್ಚಿದೆ. ಕಮ್ಮಿ ದುಡ್ಡಿಗೆ 40 ಟನ್ ಅಂತ ಕೊಡ್ತಿದ್ದಾರೆ ಅಂದ್ರೆ ಬೇರೆ ಎಲ್ಲೋ ಉಳಿಸಿದ್ದಾರೆ ಅಂತಾನೇ ಲೆಕ್ಕ, ಹೆಚ್ಚಾಗಿ ರಿಂಗ್‌ನಲ್ಲಿ, ಇಲ್ಲಾಂದ್ರೆ ರೀಲ್ ಸೀಟ್‌ನಲ್ಲಿ. ಕೆಲವದರ ಮೇಲೆ ಐಎಂ6, ಐಎಂ7, ಐಎಂ8 ಅಂತ ಇರುತ್ತೆ, ಅದು ನಿಜಕ್ಕೆ ಹೆಕ್ಸೆಲ್ ಅನ್ನೋ ನಾರು ತಯಾರಕರ ನಾರಿನ ಹೆಸರು, ರಾಡ್ ಕಂಪನಿಗಳಿಗೆಲ್ಲ ಒಂದೇ ಅಳತೆ ಅಂತ ಏನೂ ಇಲ್ಲ, ಒಬ್ಬರ ಐಎಂ8 ಇನ್ನೊಬ್ಬರ ಐಎಂ6ಗಿಂತ ಮೇಲು ಅಂತ ಹೇಳೋಕಾಗಲ್ಲ. ನಿಮ್ಮ ಬಜೆಟ್‌ಗೆ 24ರಿಂದ 30 ಟನ್ ಕಣ್ಣುಮುಚ್ಚಿ ಸಾಕು, ದಡದಲ್ಲಿ ಕಲ್ಲು ಮುಳ್ಳು ಮಧ್ಯೆ ಓಡಾಡೋರಿಗೆ ಅದೇ ಒಳ್ಳೇದು ಕೂಡ.

ಹಾಗಾದ್ರೆ ಏನ್ ನೋಡಿ ತಗೋಬೇಕು? ರಾಡ್ ಹಿಡಿ ಮುಗಿದು ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ, ಎಷ್ಟು ಅಡಿ, ಯಾವ ಪವರ್, ಯಾವ ಆಕ್ಷನ್, ಎಷ್ಟು ಪೌಂಡ್ ಲೈನ್, ಎಷ್ಟು ಔನ್ಸ್ ಲೂರ್ ಅಂತ. ಬಣ್ಣಬಣ್ಣದ ಸ್ಟಿಕ್ಕರ್ ಎಲ್ಲ ಬಿಟ್ಟು ಆ ಸಾಲು ಓದಿ. ಅದರಲ್ಲೂ ಲೂರ್ ತೂಕ. ಮೀಡಿಯಂ, ಮೀಡಿಯಂ ಹೆವಿ ಅನ್ನೋದು ಒಂದೊಂದು ಕಂಪನಿಗೆ ಒಂದೊಂದು ಥರ, ಗ್ರಾಂ ಮಾತ್ರ ಗ್ರಾಮೇ.

ಬನ್ನಿ ನಿಮ್ಮ ಡಬ್ಬೀಲಿರೋದನ್ನೇ ಲೆಕ್ಕ ಹಾಕೋಣ. 1 ಔನ್ಸ್ ಅಂದ್ರೆ ಸುಮಾರು 28 ಗ್ರಾಂ. ಪ್ಲಾಸ್ಟಿಕ್ ಹುಳಕ್ಕೆ ನೀವು ಹಾಕೋ ಕಾಲು ಔನ್ಸ್ ಗುಂಡು 7 ಗ್ರಾಂ, ಹುಳ ಮತ್ತೆ ಹುಕ್ ಸೇರಿ ಇನ್ನೊಂದು 7-8 ಗ್ರಾಂ ಇಟ್ಕೊಳ್ಳಿ, ಒಟ್ಟು 15. ಸ್ಪಿನ್ನರ್‌ಬೇಟ್ 3/8 ಔನ್ಸ್ ಅಂದ್ರೆ 10 ಚಿಲ್ಲರೆ ಗ್ರಾಂ, ಆದ್ರೆ ಅದು ಸಾಮಾನ್ಯವಾಗಿ ತಲೆ ತೂಕ ಮಾತ್ರ, ರೆಕ್ಕೆ ತಂತಿ ಸ್ಕರ್ಟ್ ಎಲ್ಲ ಸೇರಿದ್ರೆ 15 ದಾಟುತ್ತೆ. ಮಧ್ಯಮ ಸೈಜಿನ ಕ್ರ್ಯಾಂಕ್‌ಬೇಟ್ 10ರಿಂದ 14 ಗ್ರಾಂ. ಅಂದ್ರೆ ನೀವು ಹಾಕೋದೆಲ್ಲ 10ರಿಂದ 18 ಗ್ರಾಂ ಒಳಗೇ ಬರುತ್ತೆ. ನೀವು ಹೇಳಿದ ಕಾಂಬೋ ರಾಡ್ 1/16ರಿಂದ 3/8 ಔನ್ಸ್, ಅಂದ್ರೆ ಹೆಚ್ಚಂದ್ರೆ 10 ಗ್ರಾಂ ಚಿಲ್ಲರೆ, ನಿಮ್ಮ ಸ್ಪಿನ್ನರ್‌ಬೇಟ್ ಅದರಲ್ಲಿ ಬೀಸಿದ್ರೆ ರಾಡ್ ಒದ್ದೆ ಬಟ್ಟೆ ಥರ ಹಿಂದೆಹಿಂದೆ ಎಳೆಯುತ್ತೆ, ಲೂರ್ ಎಲ್ಲಿ ಬೀಳುತ್ತೋ ದೇವರಿಗೇ ಗೊತ್ತು, ಹುಕ್ಕೂ ಬಾಯಿಗೆ ಸರಿಯಾಗಿ ಇಳಿಯಲ್ಲ. ಮೂರನೇ ರಾಡ್ ಮೀಡಿಯಂ ಹೆವಿ, 1/4ರಿಂದ 3/4 ಔನ್ಸ್ ಅಂತ ಹೇಳಿದ್ರಿ, ಅಂದ್ರೆ 7ರಿಂದ 21 ಗ್ರಾಂ. ನಿಮ್ಮ ಲೂರ್‌ಗಳೆಲ್ಲ ನಟ್ಟನಡುವೆ ಕೂತ್ವು ನೋಡಿ. ಯಾವಾಗ್ಲೂ ಹೀಗೆ ಮಧ್ಯಕ್ಕೆ ಬರೋ ಹಾಗೆ ನೋಡ್ಕೊಳ್ಳಿ, ಬರೆದಿರೋ ಗರಿಷ್ಠ ತೂಕಾನೇ ದಿನಾ ಬೀಸೋ ಹಾಗಿರ್ಬಾರ್ದು.

ಆಕ್ಷನ್ ಅಂದ್ರೆ ರಾಡ್ ಎಲ್ಲಿ ಬಗ್ಗುತ್ತೆ ಅನ್ನೋದು. ಫಾಸ್ಟ್ ಅಂದ್ರೆ ಮೇಲಿನ ಮೂರನೇ ಒಂದು ಭಾಗ ಬಗ್ಗುತ್ತೆ, ಮಾಡರೇಟ್ ಅಂದ್ರೆ ಅರ್ಧದವರೆಗೂ ಬಗ್ಗುತ್ತೆ. ಹುಳ, ಜಿಗ್ (ತಲೆಗೆ ತೂಕ ಇರೋ ಹುಕ್), ಸ್ಪಿನ್ನರ್‌ಬೇಟ್ ಥರ ಒಂಟಿ ಹುಕ್ ಇರೋದಕ್ಕೆ ಫಾಸ್ಟ್ ಬೇಕು, ಯಾಕಂದ್ರೆ ದಪ್ಪ ಹುಕ್ಕನ್ನ ಬಾಸ್ ಬಾಯಿಯ ಗಟ್ಟಿ ಭಾಗಕ್ಕೆ ಒಂದೇ ಎಳೆತಕ್ಕೆ ಇಳಿಸ್ಬೇಕು. ಕ್ರ್ಯಾಂಕ್‌ಬೇಟ್‌ಗೆ ಮೂರ್ಮುಳ್ಳಿನ ಸಣ್ಣ ಹುಕ್ ಇರುತ್ತೆ, ಅದಕ್ಕೆ ಮೆತ್ತಗೆ ಬಗ್ಗೋ ಮಾಡರೇಟ್ ರಾಡ್ ಒಳ್ಳೇದು, ಇಲ್ಲಾಂದ್ರೆ ಮೀನು ಎಗರಿ ತಲೆ ಒದರಿದಾಗ ಹುಕ್ ಕಿತ್ಕೊಂಡು ಬರುತ್ತೆ. ಆದ್ರೆ ನಿಮಗೆ ಎರಡು ರಾಡ್‌ಗೆ ದುಡ್ಡಿಲ್ಲ, ಕ್ರ್ಯಾಂಕ್‌ಬೇಟ್ ಹಾಕೋದು ಅಪರೂಪಕ್ಕೆ, ಹಾಗಾಗಿ ಫಾಸ್ಟ್ ತಗೊಳ್ಳಿ. ಕ್ರ್ಯಾಂಕ್‌ಬೇಟ್ ಹಾಕೋ ದಿನ ಮೋನೋ (ಒಂದೇ ಎಳೆಯ ನೈಲಾನ್) ಲೈನ್ ಸುತ್ತಿರೋ ಇನ್ನೊಂದು ಸ್ಪೂಲ್ ಹಾಕ್ಕೊಳ್ಳಿ, ಮೋನೋ ಹಿಗ್ಗುತ್ತಲ್ಲ, ರಾಡ್ ಮಾಡ್ಬೇಕಾದ ಮೆತ್ತಗಿನ ಕೆಲಸ ಸ್ವಲ್ಪ ಮಟ್ಟಿಗೆ ಲೈನ್ ಮಾಡುತ್ತೆ, ಡ್ರ್ಯಾಗೂ (ಮೀನು ಎಳೆದಾಗ ಲೈನ್ ಬಿಡೋ ರೀಲಿನ ಬಿಗಿ) ಒಂಚೂರು ಸಡಿಲ ಇಡಿ. ಜೊಂಡಿನ ಹತ್ರ ಹುಳ ಹಾಕೋ ದಿನ 15-20 ಪೌಂಡ್ ಬ್ರೇಡ್ (ಹೆಣೆದ ಲೈನ್), ತುದೀಲಿ ಒಂದು ಮಾರು ಫ್ಲೋರೋಕಾರ್ಬನ್ ಲೀಡರ್ (ನೀರಲ್ಲಿ ಅಷ್ಟಾಗಿ ಕಾಣದ ಲೈನಿನ ತುಂಡು).

ಇನ್ನು ರಿಂಗ್. ಇದರ ಬಗ್ಗೆ ನಂಗೆ ಒಂದು ಅನುಭವ ಆಗಿದೆ, ಮರೆಯೋಕಾಗಲ್ಲ. ಕೆಲವು ವರ್ಷದ ಹಿಂದೆ ನೋಡೋಕೆ ಚೆಂದ ಅಂತ ಒಂದು ರಾಡ್ ತಗೊಂಡಿದ್ದೆ, ಕಂಪನಿ ಹೆಸರು ಬೇಡ. ಒಂದೇ ಸೀಸನ್‌ನಲ್ಲಿ ಮೂರು ಒಳ್ಳೇ ಮೀನು ಲೈನ್ ಕಟ್ಟಾಗಿ ಹೋದ್ವು. ಪ್ರತೀ ಸಲ ಗಂಟು ಸರಿ ಹಾಕಿಲ್ಲ ಅಂದ್ಕೊಂಡೆ, ಗಂಟು ಬದಲಾಯಿಸ್ದೆ, ಲೈನ್ ಬದಲಾಯಿಸ್ದೆ. ಕೊನೆಗೆ ಒಬ್ಬ ಹಿರಿಯರು ರಾಡ್ ಇಸ್ಕೊಂಡು ಕಿವಿಗೆ ಹಾಕೋ ಹತ್ತಿ ಕಡ್ಡಿ ತಗೊಂಡು ಒಂದೊಂದೇ ರಿಂಗ್ ಒಳಗೆ ತಿರುಗಿಸ್ತಾ ಹೋದ್ರು. ತುದಿಯಿಂದ ಮೂರನೇ ರಿಂಗ್‌ನಲ್ಲಿ ಹತ್ತಿಯ ಒಂದು ಎಳೆ ಸಿಕ್ಕಾಕ್ಕೊಂಡು ನಿಂತುಬಿಡ್ತು. ಬೆಳಕಿಗೆ ಹಿಡಿದು ನೋಡಿದ್ರೆ ಒಳಗಿನ ಸೆರಾಮಿಕ್ ಬಳೆಯಲ್ಲಿ ಕೂದಲೆಳೆಯಷ್ಟು ಸೀಳು. ಬೆರಳಲ್ಲಿ ಸವರಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ, ಲೈನ್‌ಗೆ ಮಾತ್ರ ಅದು ಬ್ಲೇಡು. ಅವತ್ತಿಂದ ಅಂಗಡಿಗೆ ಹೋಗುವಾಗ ಜೇಬಲ್ಲಿ ಹತ್ತಿ ಕಡ್ಡಿ ಇಟ್ಕೊಂಡೇ ಹೋಗ್ತೀನಿ, ನೀವೂ ಇಟ್ಕೊಳ್ಳಿ, ಅಂಗಡಿಯವರು ನೋಡಿದ್ರೆ ನೋಡ್ಲಿ.

ರಿಂಗ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಬಳೆ ಇದ್ರೆ ನಿಮಗೆ ಸಾಕು, ಬ್ರೇಡ್‌ಗೂ ತಡೆಯುತ್ತೆ. ಸಿಲಿಕಾನ್ ಕಾರ್ಬೈಡ್ ಇನ್ನೂ ನುಣುಪು, ಬಿಸಿ ಬೇಗ ಹೊರಹಾಕುತ್ತೆ, ಸಿಕ್ಕಿದ್ರೆ ಸಂತೋಷ, ಅದಕ್ಕೋಸ್ಕರ ಬಜೆಟ್ ಎಳೀಬೇಡಿ. ಫ್ಯೂಜಿಯವರ ರಿಂಗ್ ಇದ್ರೆ ಒಂದು ಭರವಸೆ. ಬಳೆ ಇಲ್ದೇ ಬರೀ ಕ್ರೋಮ್ ಪಾಲಿಶ್ ಮಾಡಿರೋ ಅಗ್ಗದ ಲೋಹದ ರಿಂಗ್ ಇದ್ರೆ ಬ್ರೇಡ್ ಅದರಲ್ಲಿ ಗೀರು ಮಾಡ್ಬಿಡುತ್ತೆ, ಬೇಡ. ಎಷ್ಟು ರಿಂಗ್ ಇದೆ ಎಣಿಸಿ. 7 ಅಡಿ ರಾಡ್‌ಗೆ ತುದಿ ರಿಂಗ್ ಬಿಟ್ಟು 7-8 ಇದ್ರೆ ಸರಿ, 5 ಇದ್ರೆ ರಾಡ್ ಬಗ್ಗಿದಾಗ ಲೈನ್ ಅದರ ಬಾಗು ಜೊತೆ ಹೋಗದೆ ರಿಂಗ್ ರಿಂಗ್ ಮಧ್ಯೆ ಮೂಲೆಮೂಲೆಯಾಗಿ ನಿಲ್ಲುತ್ತೆ, ಒತ್ತಡ ಎಲ್ಲ ಕೆಲವೇ ಜಾಗಕ್ಕೆ ಬೀಳುತ್ತೆ.

ಅಂಗಡೀಲಿ ನಿಮ್ಮ ರೀಲ್ ತಗೊಂಡೇ ಹೋಗಿ, ಇದು ಮುಖ್ಯ. ಹಾಕಿ, ಬಿಗಿ ಮಾಡಿ, ಅಲ್ಲಾಡಿಸಿ. ಒಂಚೂರು ಆಡಿದ್ರೂ ಆ ರಾಡ್ ಬೇಡ, ಇವತ್ತು ಒಂಚೂರು ಆಡೋದು ಆರು ತಿಂಗಳಿಗೆ ಟಕಟಕ ಅನ್ನುತ್ತೆ. ಆಮೇಲೆ ರೀಲ್‌ನ ಕಾಲಿನ ಮುಂದೆ ಒಂದು ಬೆರಳಿಟ್ಟು ತೂಗಿ ನೋಡಿ, ತುದಿ ಧೊಪ್ ಅಂತ ಕೆಳಗೆ ಬಿದ್ರೆ ಮೂರು ಗಂಟೆ ಹಿಡಿದ ಮೇಲೆ ಮಣಿಕಟ್ಟು ಮಾತಾಡುತ್ತೆ. ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಗೆ ನೋಡಿ, ರಿಂಗ್ ಎಲ್ಲ ಒಂದೇ ಸಾಲಲ್ಲಿರ್ಬೇಕು. ಲೈನ್ ಪೋಣಿಸೋಕೆ ಬಿಟ್ರೆ ಅರ್ಧ ಲೀಟರ್ ನೀರಿನ ಬಾಟ್ಲಿ ಕಟ್ಟಿ ನಿಧಾನಕ್ಕೆ ಎತ್ತಿ, ಬಾಗು ಒಂದೇ ಸಮ ಹರೀಬೇಕು, ಎಲ್ಲೂ ಮೊಣಕೈ ಥರ ಗಂಟಾಗ್ಬಾರ್ದು. ರಾಡ್ ಮೇಲೆ ನೆಟ್ಟಗೆ ಮಾಡಿ ಎತ್ತಬೇಡಿ ಮತ್ತೆ, ನೆಲಕ್ಕೆ ಸುಮಾರು 45 ಡಿಗ್ರಿ ಸಾಕು. ಹಿಡಿ ಕಾರ್ಕೋ ಇವಿಎ ಫೋಮೋ ಅಂತ ತಲೆ ಕೆಡಿಸ್ಕೋಬೇಡಿ, ಅಗ್ಗದ ಕಾರ್ಕಲ್ಲಿ ತೂತು ತುಂಬೋಕೆ ಪುಡಿ ಮೆತ್ತಿರ್ತಾರೆ, ಅದು ಉದುರುತ್ತೆ, ಅದಕ್ಕಿಂತ ಗಟ್ಟಿ ಫೋಮೇ ವಾಸಿ.

ಒಂದೇ ತುಂಡೋ ಎರಡು ತುಂಡೋ ಅಂತಾನೂ ಕೇಳಿದ್ರಿ. ಬಸ್ಸಲ್ಲೋ ಬೈಕಲ್ಲೋ ಹೋಗೋರಾದ್ರೆ ಎರಡು ತುಂಡೇ ತಗೊಳ್ಳಿ, ಈಗಿನ ಎರಡು ತುಂಡಿನ ರಾಡ್‌ಗಳು ಚೆನ್ನಾಗೇ ಇರುತ್ವೆ. ಜೋಡಿಸಿ ಗಾಳೀಲಿ ಒದರಿದಾಗ ಕಿಟ್ ಅನ್ನಬಾರ್ದು, ಅಷ್ಟೇ.

ದುಡ್ಡು ಉಳಿಸೋ ದಾರಿ ಅಂದ್ರೆ ಹೋದ ವರ್ಷದ ಮಾಡೆಲ್ ಕೇಳಿ, ಎಷ್ಟೋ ಸಲ ಬಣ್ಣ, ಹಿಡಿ ಮಾತ್ರ ಬದಲಾಗಿರುತ್ತೆ. ಸೆಕೆಂಡ್ ಹ್ಯಾಂಡ್ ಆದ್ರೆ ಉಗುರಿನ ತುದಿಯಿಂದ ಇಡೀ ಕೊಳವೆ ಸವರಿ, ಎಲ್ಲಿ ಗೀರು ಸಿಗುತ್ತೋ ಅಲ್ಲೇ ನಾಳೆ ಮುರಿಯೋದು. ವಾರಂಟಿ ಇದ್ರೆ ಮುರಿದಾಗ ಕಳಿಸೋ ಖರ್ಚು ಯಾರದ್ದು ಅಂತ ಮೊದಲೇ ಕೇಳಿ, ಉದ್ದದ ರಾಡ್ ಪಾರ್ಸೆಲ್ ಮಾಡೋದು ಸಣ್ಣ ಖರ್ಚಲ್ಲ.

ಇನ್ನೊಂದು ಮಾತು, ನೀವು "ಕಮ್ಮಿ ಬಜೆಟ್ ರಾಡಲ್ಲಿ ದೊಡ್ಡ ಮೀನು ಬರುತ್ತಾ" ಅಂತ ಸಂಕೋಚದಿಂದ ಕೇಳಿದ್ರಿ. ಜಾರ್ಜ್ ಪೆರಿ ಅನ್ನೋ ರೈತ 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ 22 ಪೌಂಡ್ 4 ಔನ್ಸ್ ಬಾಸ್ ಹಿಡಿದ್ರು, ಅಂದ್ರೆ 10 ಕೇಜಿಗೂ ಮೇಲೆ. ಆಗ ಗ್ರಾಫೈಟೂ ಇಲ್ಲ, ಟನ್ನೂ ಇಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅನ್ನೋರು ಅದಕ್ಕೆ ಸರಿಸಮ ಮಾಡೋವರೆಗೂ 77 ವರ್ಷ ಆ ದಾಖಲೆ ಒಂಟಿಯಾಗೇ ನಿಂತಿತ್ತು. ಹಾಗಾಗಿ ಸಂಕೋಚ ಬೇಡ.

ತಗೊಂಡ ಮೇಲೆ ಒಂದೇ ಜಾಗ್ರತೆ. ಮೀನು ಕಾಲ ಹತ್ರ ಬಂದಾಗ ರಾಡನ್ನ ಆಕಾಶಕ್ಕೆ ಎತ್ತಿ ತುದಿಯಿಂದ ಮೀನು ಮೇಲೆ ಎಳೀಬೇಡಿ, ಆಗ ಪೂರ್ತಿ ಭಾರ ಆ ತೆಳ್ಳಗಿನ ತುದಿಗೇ ಬೀಳುತ್ತೆ, ಬುಡಕ್ಕೆ ಕೆಲಸಾನೇ ಇರಲ್ಲ. ರಾಡ್ ತಗ್ಗಿಸಿ, ಲೈನ್ ಸ್ವಲ್ಪ ಬಿಟ್ಟು, ಬಗ್ಗಿ ಕೆಳದವಡೆ ಹಿಡ್ಕೊಳ್ಳಿ ಇಲ್ಲಾ ಬಲೆ ಹಾಕಿ.

ಶನಿವಾರ ಹೋಗ್ತೀನಿ ಅಂದ್ರಲ್ಲ, ಆ 30 ಟನ್ ರಾಡ್ ಇಲ್ಲ ಅಂದು ಬೇರೆ ಏನಾದ್ರೂ ತೋರಿಸಿದ್ರೆ ಹಿಡಿ ಮೇಲಿರೋ ಆ ಸಣ್ಣಕ್ಷರದ ಸಾಲು, ಮೊದಲನೇ ರಿಂಗ್, ಎರಡರದ್ದೂ ಫೋಟೋ ತೆಗೆದು ಇಲ್ಲೇ ಹಾಕಿ, ದುಡ್ಡು ಕೊಡೋಕೆ ಮುಂಚೆ. ನಾನು ಅವತ್ತು ಬೆಳಗ್ಗೆಯಿಂದ ಫ್ರೀ ಇರ್ತೀನಿ, ನೋಡಿದ ತಕ್ಷಣ ಹೇಳ್ತೀನಿ.