ಚೆವ್ರಾನ್ ತೀರ್ಪು ಹೋಯ್ತು, ಎಚ್-4 ಕೆಲಸದ ಕಾರ್ಡಿಗೂ ಕುತ್ತಾ?

ಸರ್ಕಾರಿ ಇಲಾಖೆ ಹೇಳಿದ ಅರ್ಥಕ್ಕೆ ಕೋರ್ಟು ತಲೆಬಾಗಬೇಕು ಎಂದಿದ್ದ ಚೆವ್ರಾನ್ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು ಕಿತ್ತುಹಾಕಿದೆಯಂತೆ, ಎಚ್-4 ವೀಸಾದಲ್ಲಿದ್ದು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗೋದು) ಕೆಲಸ ಮಾಡುವ ನನ್ನ ತಂಗಿಗೆ ತೊಂದರೆಯಾ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ನನ್ನ ಹೆಂಡತಿಯೂ ಅದೇ ಎಚ್-4 ಕೆಲಸದ ಕಾರ್ಡಿನ ಮೇಲೆ ದುಡಿದವಳು, ಹಾಗಾಗಿ ಈ ಕೇಸುಗಳ ಬೆನ್ನು ಹತ್ತಿದ್ದೆ, ಅಷ್ಟೇ.

ಚೆವ್ರಾನ್ ಬಿದ್ದ ಕಥೆ ಶುರುವಾಗಿದ್ದು ಮೀನಿನ ದೋಣಿಯಿಂದ. ನ್ಯೂಜೆರ್ಸಿಯ ಕೇಪ್ ಮೇ ಕಡೆಯವರು ಸಮುದ್ರಕ್ಕಿಳಿದು ಹೆರಿಂಗ್ ಮೀನು ಹಿಡಿಯುತ್ತಾರೆ. ಎಷ್ಟು ಹಿಡಿದರು ಅಂತ ಬರೆದುಕೊಳ್ಳಲು ದೋಣಿಯಲ್ಲಿ ಒಬ್ಬ ಅಬ್ಸರ್ವರ್ ಇರಬೇಕು ಅಂದರೆ ಅದಕ್ಕೆ ಕಾನೂನು ಇದೆ. ಮೀನುಗಾರಿಕೆ ಇಲಾಖೆ ಒಂದು ಹೆಜ್ಜೆ ಮುಂದೆ ಹೋಗಿ, ಅವನ ಖರ್ಚನ್ನೂ ದೋಣಿಯವರೇ ಕೊಡಿ ಅಂದಿತು. ದಿನಕ್ಕೆ ಸುಮಾರು 710 ಡಾಲರ್ ತನಕ! ಇರೋ ಇಕ್ಕಟ್ಟಿನಲ್ಲಿ ಅವನಿಗೊಂದು ಹಾಸಿಗೆ ಕೊಟ್ಟು, ಮೇಲೆ ಸಂಬಳವನ್ನೂ ಕೊಡಬೇಕಿತ್ತು. 1976ರ ಕಾನೂನಿನಲ್ಲಿ ಬೇರೆ ಕೆಲವು ಮೀನುಗಾರಿಕೆಗೆ ಹೀಗೆ ಹಣ ಕಟ್ಟಿಸಬಹುದು ಅಂತಿತ್ತು. ಈ ಹೆರಿಂಗ್ ಬಗ್ಗೆ ಚಕಾರವಿಲ್ಲ. ದೋಣಿಯವರು ಕೋರ್ಟಿಗೆ ಹೋದರು.

ಕಾನೂನು ಸುಮ್ಮನಿದ್ದಾಗ ಅರ್ಥ ಹೇಳುವವರು ಯಾರು? 1984ರ ಚೆವ್ರಾನ್ ತೀರ್ಪಿನ ಪ್ರಕಾರ, ಇಲಾಖೆ ಹೇಳಿದ ಅರ್ಥ ಒಪ್ಪುವಂತಿದ್ದರೆ ಜಡ್ಜ್ ಅದನ್ನೇ ಒಪ್ಪಬೇಕಿತ್ತು. ದೋಣಿಯವರ ಕೇಸಿನಲ್ಲಿ, 2024ರ ಜೂನ್ 28ರಂದು, ಸುಪ್ರೀಂ ಕೋರ್ಟು ಅದನ್ನು ಮುಗಿಸಿತು. ಅರ್ಥ ಹೇಳೋದು ಜಡ್ಜ್‌ಗಳ ಕೆಲಸ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ವಿಷಯ ಗೊತ್ತಿರೋ ತಜ್ಞರನ್ನು ಬಿಟ್ಟು ಎಲ್ಲವನ್ನೂ ಕೋರ್ಟೇ ಎಳೆದುಕೊಳ್ಳುತ್ತಿದೆ ಅನ್ನೋದು ವಿರೋಧಿಸಿದ ಜಸ್ಟಿಸ್ ಕೇಗನ್ ಅವರ ತಕರಾರು. ನನಗೆ ದೋಣಿಯವರ ಸಿಟ್ಟು ಅರ್ಥವಾಗುತ್ತೆ, ಆದರೂ ಗಾಳಿಯಲ್ಲಿ ಎಷ್ಟು ವಿಷ ಇರಬಹುದು ಅನ್ನೋ ಪ್ರಶ್ನೆಯಲ್ಲಿ ಕೇಗನ್ ಮಾತೇ ಸರಿ ಅನ್ನಿಸುತ್ತೆ.

ಒಂದು ತಮಾಷೆ ಗೊತ್ತಾ? ಚೆವ್ರಾನ್ ಕೇಸಿನಲ್ಲಿ ಗೆದ್ದಿದ್ದು ಕಾರ್ಖಾನೆಗಳಿಗೆ ಅನುಕೂಲವಾದ, ರೇಗನ್ ಸರ್ಕಾರದ ನಿಯಮ. ಆ ನಿಯಮ ತಂದಾಗ ಪರಿಸರ ಇಲಾಖೆಯ ಮುಖ್ಯಸ್ಥೆ ಆನ್ ಗೋರ್ಸಚ್. 40 ವರ್ಷ ಆದಮೇಲೆ ಆ ತೀರ್ಪನ್ನು ಕಿತ್ತುಹಾಕಲು ಕೈ ಎತ್ತಿದವರಲ್ಲಿ ಅವರ ಮಗ, ಜಸ್ಟಿಸ್ ನೀಲ್ ಗೋರ್ಸಚ್ ಕೂಡ ಇದ್ದರು.

ಈಗ ನಿಮ್ಮ ತಂಗಿಯ ವಿಷಯ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಕೆಲಸ ಮಾಡಲು ಬಿಟ್ಟಿದ್ದು 2015ರ ಇಲಾಖಾ ನಿಯಮ. ಸಂಸತ್ತು ಇದನ್ನು ಬಾಯಿಬಿಟ್ಟು ಹೇಳಿಲ್ಲ ಅಂತ ಕೆಲಸ ಕಳೆದುಕೊಂಡ ಅಮೆರಿಕನ್ ಐಟಿ ನೌಕರರು ಕೇಸು ಹಾಕಿದ್ದರು. ಚೆವ್ರಾನ್ ಹೋದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಗಾಬರಿಯಾಗಿದ್ದರು. ಆದರೆ ಒಂದು ತಿಂಗಳ ಮೇಲೆ, ಆಗಸ್ಟ್ 2ಕ್ಕೆ, ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು ನಿಯಮವನ್ನು ಉಳಿಸಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಹಾಗಂತ ನಿಶ್ಚಿಂತೆ ಅಲ್ಲ. ಇಲಾಖೆ ಮಾಡಿದ್ದನ್ನು ಇಲಾಖೆಯೇ ತೆಗೆಯಬಹುದು. ಅದಕ್ಕಿಂತ ಹತ್ತಿರದ ತೊಂದರೆ ಇನ್ನೊಂದಿದೆ: 2025ರ ಅಕ್ಟೋಬರ್ 30ರಿಂದ ಹಾಕಿದ ರಿನ್ಯೂವಲ್ ಅರ್ಜಿಗಳಿಗೆ ಹಳೆ ಕಾರ್ಡಿಗೆ ತಾನಾಗಿ ಸಿಗುತ್ತಿದ್ದ 540 ದಿನದ ತನಕದ ವಿಸ್ತರಣೆ ನಿಂತಿದೆ. ನಾವು 2019ರಲ್ಲಿ ಉದಾಸೀನ ಮಾಡಿ ತಡವಾಗಿ ಅರ್ಜಿ ಹಾಕಿದ್ದಕ್ಕೆ ನನ್ನವಳು ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂರಬೇಕಾಯಿತು. ಕಾರ್ಡ್ ಮುಗಿಯೋಕೆ 180 ದಿನ ಇರುವಾಗಲೇ ಅರ್ಜಿ ಹಾಕಬಹುದು. ತಂಗಿಯ ಕಾರ್ಡಿನ ತಾರೀಕು ಯಾವತ್ತಿದೆ, ಮೊದಲು ಅದನ್ನು ಕೇಳಿ.