ಬಟನ್‌ಗೆ ಹೆಸರಿಡಿ

ಪ್ರಶ್ನೆ: ತರಕಾರಿ ಮನೆಗೆ ತಲುಪಿಸೋ ಆ್ಯಪ್ ಮಾಡಿದ್ದೇವೆ. ಕಣ್ಣು ಕಾಣದ ಗ್ರಾಹಕರೊಬ್ಬರು 'ಎಲ್ಲಾ ಕಡೆ ಬರೀ ಬಟನ್, ಬಟನ್ ಅಂತ ಓದುತ್ತೆ' ಅಂತಾರೆ. ಏನು ಮಾಡೋಣ?
– ಓದುಗರು, ಹಾಸನ

ಉತ್ತರ: ಬುಟ್ಟಿಯ ಚಿತ್ರಕ್ಕೆ ನೀವು ಹೆಸರೇ ಕೊಡದಿದ್ದರೆ, ಪರದೆಯಲ್ಲಿರೋದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಪಾಪ ಇನ್ನೇನು ಓದೀತು, ಅಲ್ವಾ? ಆಂಡ್ರಾಯ್ಡ್‌ನಲ್ಲಿ ಕಂಟೆಂಟ್ ಡಿಸ್ಕ್ರಿಪ್ಷನ್ ಅಂತ ಒಂದು ಜಾಗ ಇದೆ, ಅಲ್ಲಿ 'ಬುಟ್ಟಿಗೆ ಹಾಕಿ' ಅಂತ ಕನ್ನಡದಲ್ಲೇ ಬರೆಯಿರಿ, ಆದರೆ 'ಬಟನ್' ಅಂತ ಸೇರಿಸಬೇಡಿ, ಅದನ್ನು ಟಾಕ್‌ಬ್ಯಾಕೇ ಹೇಳುತ್ತದೆ. ಬಟನ್ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್‌ನ ಪರದೆ ಅಳತೆ) ಚಿಕ್ಕದಾದರೆ ಕೈ ನಡುಗುವವರಿಗೆ ಕಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5:1 ಇರಲಿ. ಗೂಗಲ್‌ನ ಆ್ಯಕ್ಸೆಸಿಬಿಲಿಟಿ ಸ್ಕ್ಯಾನರ್ ಇಂಥ ತಪ್ಪುಗಳನ್ನು ಹುಡುಕಿಕೊಡುತ್ತದೆ, ಉಚಿತ ಕೂಡ, ಆದರೆ ಅದೊಂದನ್ನೇ ನಂಬಬೇಡಿ. ಆ ಗ್ರಾಹಕರಿಂದಲೇ ಎರಡು ಕೆಜಿ ಆಲೂಗಡ್ಡೆ ಆರ್ಡರ್ ಹಾಕಿಸಿ. ಎಲ್ಲಿ ತಡವರಿಸುತ್ತಾರೆ ಅಂತ ಪಕ್ಕದಲ್ಲಿ ಸುಮ್ನೆ ಕೂತು ನೋಡಿ.